ಬುಧವಾರ ಡಾಕ್ಟರು ಎಲ್ಲಿರುತ್ತಾರೆ

ಖಾನಾಪುರದಲ್ಲಿ ಸಂಜೆ ಹೊತ್ತು ಮುಳುಗುವ ಮೊದಲಿನ ಹದಿನೈದು ನಿಮಿಷ ಯಾರೂ ಫೋನ್ ಮಾಡುತ್ತಿರಲಿಲ್ಲ. ಹಾಗೆಂದು ಎಲ್ಲಿಯೂ ಬರೆದು ಹಾಕಿರಲಿಲ್ಲ. ಊರಿನ ಫೋನುಗಳನ್ನೆಲ್ಲ ಜೋಡಿಸಿಕೊಡುವ ಟೆಲಿಫೋನ್ ಬಾಯಾರು ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ, ಅವರ ಪಾಳಿ ಮುಗಿಯುವುದು ಎಂಟಕ್ಕೆ, ಹಾಗಾಗಿ ಬೋರ್ಡಿನ ಮುಂದೆಯೇ ಡಬ್ಬಿ ಬಿಚ್ಚಿ ಉಣ್ಣುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೆಂಚಿನ ಕಾರ್ಖಾನೆಯ ಮಾಲೀಕರು, ಮರದ ವ್ಯಾಪಾರಿ, ಪೊಲೀಸ್ ಠಾಣೆಯವರು ಸಹ ಆ ಹೊತ್ತಿಗೆ ಫೋನಿನ ಹಿಡಿಕೆಗೆ ಕೈ ಹಚ್ಚುತ್ತಿರಲಿಲ್ಲ. ಆಕೆ ಎರಡು ರೊಟ್ಟಿ, ಒಂದಿಷ್ಟು ಪಲ್ಯ, ಮೇಲೆ ಮಜ್ಜಿಗೆ ಮುಗಿಸಿ ಕೈ ತೊಳೆದು ಬಂದು ಕುಳಿತ ಮೇಲೆಯೇ ಊರಿಗೆ ಮತ್ತೆ ಮಾತು ಬರುತ್ತಿತ್ತು.

ಆಕೆಯನ್ನು ನಾನು ಅಕ್ಕಾರ ಎಂದು ಕರೆಯುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ನಮ್ಮ ಮನೆ ಇದ್ದದ್ದು ಬೆಳಗಾವಿಯ ಹಿಂದವಾಡಿಯಲ್ಲಿ. ಕೆಲಸ ಕಲಿಯಲಿ ಎಂದು ಮೊದಲ ಮೂರು ತಿಂಗಳು ಖಾನಾಪುರಕ್ಕೆ ಹಾಕಿದರು. ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೋಗಿ, ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅಕ್ಕಾರಿಗೆ ಆಗ ನಲವತ್ತು ದಾಟಿರಬೇಕು. ಲೈನ್‌ಮನ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಇಲಾಖೆ ಆಕೆಗೆ ಕೊಟ್ಟ ಕೆಲಸ ಅದು. ಮನೆಯಲ್ಲಿ ಕಣ್ಣು ಕಾಣದ ಅತ್ತೆಯೊಬ್ಬರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಆ ಕಾಲದ ಬೋರ್ಡು ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಗೋಡೆಗೆ ಆನಿಸಿಟ್ಟ ಕಪಾಟಿನಂಥ ಒಂದು ಮರದ ಪೆಟ್ಟಿಗೆ, ಅದರ ತುಂಬ ಸಾಲುಸಾಲು ತೂತು. ಒಂದೊಂದು ತೂತು ಊರಿನ ಒಂದೊಂದು ಫೋನು. ಯಾರಾದರೂ ತಮ್ಮ ಫೋನಿನ ಹಿಡಿಕೆ ತಿರುಗಿಸಿದರೆ ಅವರ ತೂತಿನ ಮೇಲಿನ ಪುಟ್ಟ ತಗಡಿನ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಆ ತೂತಿಗೆ ವೈರಿನ ಒಂದು ತುದಿ ಚುಚ್ಚಿ ಮಾತಾಡಿಸಬೇಕು, ಅವರು ಕೇಳಿದವರ ತೂತಿಗೆ ಇನ್ನೊಂದು ತುದಿ ಚುಚ್ಚಿ ಗಂಟೆ ಬಾರಿಸಬೇಕು. ಕೆಲಸ ಅಷ್ಟೇ. ಆದರೆ ಕಲಿಯುವವರು ಮೊದಲ ಒಂದು ತಿಂಗಳು ಬಾಯಿ ಬಿಡುವಂತಿರಲಿಲ್ಲ. ಅಕ್ಕಾರ ಪಕ್ಕದಲ್ಲಿ ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ಸುಮ್ಮನೆ ಕೇಳುತ್ತ ಕೂರಬೇಕು. ನನ್ನಂಥ ಬಾಯಿಬಡಕಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಕೇಳುತ್ತ ಕೇಳುತ್ತ ನನಗೆ ತಿಳಿದ ಮೊದಲ ಸಂಗತಿ ಎಂದರೆ ಖಾನಾಪುರದಲ್ಲಿ ಯಾರೂ ನಂಬರ್ ಕೇಳುವುದಿಲ್ಲ ಎಂಬುದು. ಅವರು ಮನುಷ್ಯರನ್ನು ಕೇಳುತ್ತಿದ್ದರು.

"ಬಾಯಾರ, ಡಾಕ್ಟರನ್ನ ಕೊಡ್ರಿ."

"ಇವತ್ತ ಬುಧವಾರ ಐತ್ರಿ. ಮಧ್ಯಾಹ್ನ ನಂದಗಡದಾಗ ಪೇಶಂಟ್ ನೋಡ್ತಾರ, ಬರೂ ಮುಂದ ತಂಗಿ ಮನ್ಯಾಗ ಚಹಾ ಕುಡೀತಾರ. ಈಗ ಅಲ್ಲೇ ಇರಬೇಕು. ಕೊಡ್ತೀನಿ, ತಡೀರಿ."

ಡಾಕ್ಟರು ಅಲ್ಲೇ ಇರುತ್ತಿದ್ದರು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ, ಮರಾಠಿಯಲ್ಲಿ ಕೇಳಿದವರಿಗೆ ಮರಾಠಿಯಲ್ಲಿ ಇದೇ ಉತ್ತರ. ಕೈ ಮಾತ್ರ ಮಾತಿಗೆ ಕಾಯದೆ ಬೋರ್ಡಿನ ಮೇಲೆ ತನ್ನಷ್ಟಕ್ಕೆ ಓಡಾಡಿಕೊಂಡಿರುತ್ತಿತ್ತು.

ಎರಡು ಪಾಠ ಆಕೆ ನನಗೆ ಬೈದು ಕಲಿಸಿದರು. ಒಂದು, ನಂಬರ್ ಹೇಳುವಾಗ ಅವಸರ ಮಾಡಬಾರದು. ಕೇಳುವವರು ಕಾಗದ ಹುಡುಕುತ್ತಿರುತ್ತಾರೆ. ಇನ್ನೊಂದು, ಕೆಲಸ ಮುಗಿದ ಮೇಲೆ ಲೈನು ಹಿಡಿದು ಕೂರಬಾರದು. ಹಿಂದೆ ಯಾರೋ ಕಾಯುತ್ತಿರುತ್ತಾರೆ. ಮೂರು ತಿಂಗಳಾದ ಮೇಲೆ ನನ್ನನ್ನು ಬೆಳಗಾವಿಯಲ್ಲಿ ದೂರದ ಊರುಗಳ ಕರೆ ಜೋಡಿಸುವ ಟ್ರಂಕ್ ಬೋರ್ಡಿಗೆ ಹಾಕಿದರು. ಅಲ್ಲಿ ಇಪ್ಪತ್ತು ಮಂದಿ ಹೆಂಗಸರು ಒಟ್ಟಿಗೆ ಮಾತಾಡುವ ಗದ್ದಲದಲ್ಲಿ ಈ ಎರಡು ಪಾಠ ನನ್ನ ಮಾನ ಉಳಿಸಿದವು. ಒಳ್ಳೆಯ ಆಪರೇಟರ್ ಎಂದು ಹೆಸರು ಬಂತು. ಆ ಹೆಸರೇ ಮುಂದೆ ನನ್ನ ಕಾಲಿಗೆ ತೊಡರಿಕೊಂಡಿತು.

ಎಂಬತ್ತರ ದಶಕದ ನಡುವಿನಲ್ಲಿ ಖಾನಾಪುರಕ್ಕೆ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಬರುತ್ತದೆ ಎಂದು ಗೊತ್ತಾಯಿತು. ಊರಿನವರು ಬೆರಳಿನಿಂದ ನಂಬರ್ ತಿರುಗಿಸಿದರೆ ಸಾಕು, ಯಂತ್ರವೇ ಜೋಡಿಸುತ್ತದೆ. ನಡುವೆ ಯಾರೂ ಬೇಕಾಗಿಲ್ಲ. ನನ್ನನ್ನು ದೂರದ ಊರಿಗೆ ಮೂರು ತಿಂಗಳ ತರಬೇತಿಗೆ ಕಳಿಸಿದರು. ಎರಡು ವರ್ಷದ ಮಗಳನ್ನು ತವರಿನಲ್ಲಿ ಬಿಟ್ಟು ಹೋದೆ. ಇಂಗ್ಲಿಷಿನಲ್ಲಿ ಬರೆದ ದಪ್ಪ ಪುಸ್ತಕಗಳು, ಗೋಡೆಯ ತುಂಬ ನಕ್ಷೆಗಳು, ಮಧ್ಯಾಹ್ನದ ಊಟದ ಮೇಲೆ ತೂಕಡಿಕೆ. ಹೇಗೋ ಪಾಸಾಗಿ ಬಂದೆ.

ಬಂದ ವಾರದಲ್ಲೇ ಬೆಳಗಾವಿ ಆಫೀಸಿನ ಸಾಹೇಬರು ಕರೆದರು. ನಮ್ಮ ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಬೈದುಕೊಳ್ಳಲು ಒಬ್ಬರು ಸಿಗುತ್ತಿದ್ದರು. ಅವರದು ಒಂದೇ ಚಾಳಿ, ಯಾವ ಕೆಲಸವನ್ನೂ ತಮ್ಮ ಮೇಜಿನ ಮೇಲೆ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತಿರಲಿಲ್ಲ.

"ಖಾನಾಪುರಕ್ಕ ನೀವ ಹೋಗ್ರಿ," ಎಂದರು. "ಎರಡು ಕೆಲಸ ಅದಾವ. ಆ ಬಾಯಾರು ಒಂದು ನಂಬರನೂ ಬರದಿಟ್ಟಿಲ್ಲ, ಎಲ್ಲಾ ತಲ್ಯಾಗ ಇಟ್ಕೊಂಡಾರ. ಅವರ ಕಡಿಂದ ಪೂರಾ ಪಟ್ಟಿ ತಗೀರಿ. ಮತ್ತ ಅವರಿಗೆ ಅರವತ್ತು ತಾಸು ಹೊಸ ಕೆಲಸ ಕಲಸ್ರಿ. ಐದು ವಾರದಾಗ ಎರಡೂ ಮುಗೀಬೇಕು."

ಅರವತ್ತು ತಾಸು ಯಾಕೆ ಎಂದು ಅವರೇ ಹೇಳಿದರು. ಖಾನಾಪುರದ ಲೈನುಗಳಿಗಾಗಿ ಬೆಳಗಾವಿಯಲ್ಲಿ ಒಂದು ವಿಚಾರಣೆ ಹುದ್ದೆ ಹುಟ್ಟುತ್ತಿತ್ತು. ಜನ ಫೋನ್ ಮಾಡಿ ನಂಬರ್ ಕೇಳಿದರೆ ಹೇಳುವುದು, ದೂರು ಬರೆದುಕೊಳ್ಳುವುದು. ಹಗಲು ಪಾಳಿ ಮಾತ್ರ. ಸೇವೆಯಲ್ಲಿ ಹಿರಿಯರಾದ ಅಕ್ಕಾರಿಗೇ ಅದರ ಮೊದಲ ಹಕ್ಕು. ಆದರೆ ಅರವತ್ತು ತಾಸಿನ ತರಬೇತಿ ಆಗಿದ್ದರೆ ಮಾತ್ರ ಪರೀಕ್ಷೆಗೆ ಕೂರಿಸುವುದು, ಪರೀಕ್ಷೆ ಪಾಸಾದರೆ ಮಾತ್ರ ಹುದ್ದೆ. ಇಲ್ಲವಾದರೆ ಅವರು ಹೆಚ್ಚುವರಿ ಸಿಬ್ಬಂದಿ ಎಂದಾಗಿ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಹೋಗಬೇಕು; ಆಗ ಖಾಲಿ ಇದ್ದದ್ದು ರಾಯಚೂರಿನಲ್ಲಿ.

"ಅವರಿಗೆ ಆಗಲಿಲ್ಲಂದ್ರ ಆ ಹುದ್ದೆ ಯಾರಿಗ್ರಿ?" ಎಂದು ಕೇಳಿದೆ.

"ತರಬೇತಿ ಆದವರು ನೀವೊಬ್ಬರ ಇದ್ದೀರಲ್ಲ," ಎಂದು ಹೇಳಿ ಅವರು ಬೇರೆ ಕಾಗದ ಎತ್ತಿಕೊಂಡರು.

ಆ ಮಾತನ್ನು ನಾನು ಆಗಲೇ ಮರೆತೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಖರೇ ಹೇಳಬೇಕೆಂದರೆ ಮರೆತಿರಲಿಲ್ಲ.

ಖಾನಾಪುರದಲ್ಲಿ ಅಕ್ಕಾರ ನನ್ನನ್ನು ಕಂಡ ಕೂಡಲೇ ಪಕ್ಕದ ಸ್ಟೂಲ್ ಎಳೆದರು, ಏಳು ವರ್ಷವೇ ಕಳೆದಿಲ್ಲ ಎನ್ನುವ ಹಾಗೆ. "ಬಾ ಕುಂದ್ರು. ತೆಳ್ಳಗಾಗಿದಿ. ಮಗಳು ಹ್ಯಾಂಗದಾಳ?" ಎಂದು ಕೇಳಿ, ನಾನು ಬಂದ ಕಾರಣ ಹೇಳುವ ಮೊದಲೇ ತಾವೇ ಶುರು ಮಾಡಿದರು.

"ನನಗ ಎಲ್ಲಾ ಗೊತ್ತಾಗೇತಿ. ಹೊಸಾ ಮಷೀನ್ ಬರಲಿ, ನಂದೇನು ತಕರಾರಿಲ್ಲ. ದಿನಾ ಬೆಳಗಾವಿಗೆ ರೈಲಿಗೆ ಹೋಗಿ ಬರತೀನಿ. ಆದ್ರ ರಾಯಚೂರಿಗೆ ಆಗೂದಿಲ್ಲವಾ. ನಮ್ಮತ್ತಿಯವರಿಗೆ ಈ ಮನ್ಯಾಗ ಗ್ವಾಡಿ ಹಿಡಕೊಂಡು ಬಚ್ಚಲಕ ಹೋಗಿ ಬರೂದು ಗೊತ್ತೈತಿ. ಬ್ಯಾರೆ ಮನ್ಯಾಗ ಹೆಜ್ಜಿ ಇಡಾಕ ಆಗಂಗಿಲ್ಲ."

"ಪಾಸಾಗ್ತೀರಿ ಬಿಡ್ರಿ ಅಕ್ಕಾರ. ನಾ ಕಲಸ್ತೀನಿ."

"ಹಂಗಂದ್ರ ಮಾತಾತು. ನೀ ನನ್ನ ಊರು ಬರಕೋ, ನಾ ನಿನ್ನ ಮಷೀನ್ ಕಲೀತೀನಿ."

ಬೆಳಿಗ್ಗೆ ಅವರು ಹೇಳುವುದು, ನಾನು ಬರೆಯುವುದು; ಮಧ್ಯಾಹ್ನ ನಾನು ಕಲಿಸುವುದು ಎಂದು ಗೊತ್ತು ಮಾಡಿಕೊಂಡೆವು. ಬೆಳಗಿನ ಗದ್ದಲದಲ್ಲಿ ಬೋರ್ಡ್ ನೋಡಿಕೊಳ್ಳಲು ಆ ಐದು ವಾರಕ್ಕೆಂದು ಕಳಿಸಿದ್ದ ಇನ್ನೊಬ್ಬ ಆಪರೇಟರ್ ಇದ್ದ. ನಾವಿಬ್ಬರೂ ಹಿಂದಿನ ಕೋಣೆಯಲ್ಲಿ ಚಹಾ ಇಟ್ಟುಕೊಂಡು ಕುಳಿತೆವು.

ಮೊದಲ ದಿನವೇ ಕೆಲಸ ನಿಂತಿತು. ಮರದ ವ್ಯಾಪಾರಿಯ ನಂಬರ್ ಎಷ್ಟು ಎಂದು ಕೇಳಿದೆ. ಅಕ್ಕಾರಿಗೆ ಹೇಳಲು ಬರಲಿಲ್ಲ. ಪೊಲೀಸ್ ಠಾಣೆ? ಅದೂ ಗೊತ್ತಿಲ್ಲ. ದಿನಕ್ಕೆ ಹತ್ತು ಸಲ ಜೋಡಿಸುವ ನಂಬರು! ಅವರ ಮುಖ ಕೆಂಪಾಯಿತು. "ಇಲ್ಲಿ ಕುಂತರ ನನಗ ಬರಂಗಿಲ್ಲ, ಏಳು," ಎಂದರು. ಬೋರ್ಡಿನ ಮುಂದೆ ಬಂದು ನಿಂತು ಕಣ್ಣು ಮುಚ್ಚಿದರು. "ಮರದ ವ್ಯಾಪಾರಿ," ಎಂದು ನಾನು ಹೇಳುವುದೇ ತಡ, ಬಲಗೈ ಮೇಲೆದ್ದು ಎರಡನೇ ಸಾಲಿನ ಒಂದು ತೂತಿನ ಮೇಲೆ ಬೆರಳು ಇಟ್ಟಿತು. ನಂಬರ್ ಅವರ ತಲೆಯಲ್ಲಿ ಇರಲಿಲ್ಲ, ಕೈಯಲ್ಲಿತ್ತು. ಅವರು ಬೆರಳಿಟ್ಟರು, ನಾನು ತೂತು ಎಣಿಸಿ ನಂಬರ್ ಬರೆದುಕೊಂಡೆ. ನೂರರ ಆಚೀಚೆ ಇದ್ದ ಫೋನುಗಳನ್ನು ಹೀಗೆ ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿದೆ.

ಬರೀ ನಂಬರ್ ಆಗಿದ್ದರೆ ಒಂದೇ ವಾರದ ಕೆಲಸ. ಆದರೆ ಬೆರಳಿಟ್ಟ ಕೂಡಲೇ ಅಕ್ಕಾರಿಗೆ ಆ ಮನೆಯೇ ನೆನಪಾಗುತ್ತಿತ್ತು. ಸಾಲಿನ ಕೊನೆಗೆ ಷರಾ ಎಂದು ಟಿಪ್ಪಣಿಗೆ ಒಂದು ಕಾಲಂ ಹಾಕಿ ಅದನ್ನೆಲ್ಲ ಬರೆದುಕೊಳ್ಳತೊಡಗಿದೆ. ಮರದ ವ್ಯಾಪಾರಿ ಮನೆಯಲ್ಲಿ ಎತ್ತದಿದ್ದರೆ ರೈಲ್ವೆ ಗೂಡ್ಸ್ ಶೆಡ್. ಹೆಂಚಿನ ಮಾಲೀಕರಿಗೆ ಬಲಗಿವಿ ಮಂದ, ಕರೆದವರಿಗೆ ಜೋರಾಗಿ ಮಾತಾಡಲು ಮೊದಲೇ ಹೇಳುವುದು. ಹೆಡ್‌ಮಾಸ್ತರರ ಮಾವನಿಂದ ಫೋನ್ ಬಂದರೆ ಮಾಸ್ತರರು ಊರಲ್ಲಿಲ್ಲ. ಡಾಕ್ಟರು ಬುಧವಾರ ನಂದಗಡ, ಶನಿವಾರ ಬೀಡಿ ಎಂಬ ಹಳ್ಳಿ, ಮಳೆಗಾಲದಲ್ಲಿ ಹಳ್ಳ ಬಂದರೆ ಎರಡೂ ಇಲ್ಲ. ಅಕ್ಕಾರ ಹೇಳುತ್ತ ನಗುತ್ತಿದ್ದರು, ನಾನೂ ನಗುತ್ತ ಬರೆಯುತ್ತಿದ್ದೆ. ನನ್ನ ನೌಕರಿಯಲ್ಲಿ ಅಂಥ ಬೆಳಗುಗಳು ಮತ್ತೆ ಬರಲಿಲ್ಲ.

ಮಧ್ಯಾಹ್ನದ ಪಾಠ ಮೊದಲ ವಾರ ಚೆನ್ನಾಗಿಯೇ ನಡೆಯಿತು. ಬೆಳಗಾವಿಯಿಂದ ತಂದಿದ್ದ, ಬೆರಳು ಹಾಕಿ ತಿರುಗಿಸುವ ಹೊಸ ಫೋನನ್ನು ಮೇಜಿನ ಮೇಲಿಟ್ಟು, ಯಾವ ಸದ್ದಿಗೆ ಏನರ್ಥ ಎಂದು ಕಲಿಸಿದೆ. ಎತ್ತಿದರೆ ಗುಂಯ್ ಎಂದು ಒಂದೇ ಸಮ ಬಂದರೆ ಲೈನು ಸರಿ ಇದೆ, ತುಂಡುತುಂಡಾಗಿ ಬಂದರೆ ಅವರು ಬೇರೆ ಮಾತಿನಲ್ಲಿದ್ದಾರೆ. ತರಬೇತಿಯಲ್ಲಿ ನಾನು ಎರಡು ವಾರ ಒದ್ದಾಡಿದ್ದನ್ನು ಅಕ್ಕಾರ ಒಂದೇ ಮಧ್ಯಾಹ್ನದಲ್ಲಿ ಕಿವಿಗೆ ಹಾಕಿಕೊಂಡರು. ಕಷ್ಟವಾದದ್ದು ಬರವಣಿಗೆ. ದೂರಿನ ಕಾರ್ಡನ್ನು ಇಂಗ್ಲಿಷಿನಲ್ಲಿ ತುಂಬಬೇಕಿತ್ತು, ಪರೀಕ್ಷೆಯಲ್ಲಿ ಅದೇ ಮುಖ್ಯ. ಅಕ್ಕಾರಿಗೆ ಕನ್ನಡ, ಮರಾಠಿ ಎರಡೂ ಓದಲು ಬರೆಯಲು ಬರುತ್ತಿತ್ತು. ಇಂಗ್ಲಿಷು ನಂಬರ್ ಪ್ಲೀಸ್, ಎಂಗೇಜ್, ನೋ ರಿಪ್ಲೈ ಇಷ್ಟರಲ್ಲೇ ಮುಗಿಯುತ್ತಿತ್ತು. ಕರೆಗಳನ್ನು ಬರೆದಿಡುವ ಹಳೆಯ ಟಿಕೆಟುಗಳ ಬೆನ್ನ ಮೇಲೆ ಅಕ್ಷರ ತಿದ್ದತೊಡಗಿದರು. ಎರಡನೇ ವಾರಕ್ಕೆ ತಾವೇ ಒಂದು ಕಾರ್ಡ್ ತುಂಬಿ, ನನಗೆ ತೋರಿಸಿ, ನಾನು ಸರಿ ಎನ್ನುವವರೆಗೂ ಉಸಿರು ಬಿಗಿಹಿಡಿದು ನಿಂತಿದ್ದರು. ಅದು ಸರಿಯಾಗಿತ್ತು. ಕಲಿಯುತ್ತಿದ್ದರು. ಇನ್ನೂ ನಲವತ್ತೈವತ್ತು ತಾಸು ಸಿಕ್ಕಿದ್ದರೆ ಖಂಡಿತ ಪಾಸಾಗುತ್ತಿದ್ದರು. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆದರೆ ಸಾಹೇಬರು ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. "ಪಟ್ಟಿ ಎಲ್ಲಿಗೆ ಬಂತ್ರಿ?" ಪಾಠದ ಬಗ್ಗೆ ಒಂದು ಸಲವೂ ಕೇಳಲಿಲ್ಲ. ಪಟ್ಟಿ ಕೇಳುವವರಿದ್ದರು, ಪಾಠ ಕೇಳುವವರಿರಲಿಲ್ಲ. ನಾನು ಮಧ್ಯಾಹ್ನಗಳನ್ನೂ ಪಟ್ಟಿಗೆ ಹಾಕಿದೆ. ವಿಳಾಸ ತಾಳೆ ನೋಡುವುದು, ಪಟ್ಟಿ ಚೊಕ್ಕ ಬರೆಯುವುದು. ಅಕ್ಕಾರ ಮೂರು ಗಂಟೆಗೆ ಪೆನ್ಸಿಲ್ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ನಾಳೆ ಮಾಡೂಣ್ರಿ ಅಕ್ಕಾರ. ಇವತ್ತ ಇದೊಂದು ಮುಗಸ್ತೀನಿ."

"ಹೂಂ, ನಾಳೆ ಆಗಲಿ," ಎಂದು ಅವರು ಬೋರ್ಡಿಗೆ ಹೋಗುತ್ತಿದ್ದರು. ಒಂದು ದಿನವೂ ಬೇಸರ ತೋರಿಸಲಿಲ್ಲ. ತೋರಿಸಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು, ಸಿಟ್ಟು ಬಂದಿದ್ದರೆ ನಾಚಿಕೆಯೂ ಬರುತ್ತಿತ್ತೇನೋ. ನಾಲ್ಕನೇ ವಾರಕ್ಕೆ ಅವರು ಪೆನ್ಸಿಲ್ ತರುವುದನ್ನು ಬಿಟ್ಟರು. ನನಗೆ ಅದು ಕಾಣಿಸಿತು. ಕಂಡೂ ಪಟ್ಟಿ ಬರೆಯುತ್ತ ಹೋದೆ.

ಪಟ್ಟಿಯನ್ನು ಹೇಳಿದ ದಿನಕ್ಕೆ ಸರಿಯಾಗಿ ಮುಗಿಸಿ ಬೆಳಗಾವಿಗೆ ಒಯ್ದೆ. ಸಾಹೇಬರು ಪುಟ ತಿರುವಿದರು. ಷರಾ ಕಾಲಂ ನೋಡಿ ಒಂದು ಕ್ಷಣ ನಕ್ಕರು, ಆಮೇಲೆ ಕೆಂಪು ಪೆನ್ಸಿಲ್ ತೆಗೆದು ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದರು. "ಹೆಸರು, ವಿಳಾಸ, ನಂಬರ್. ಡೈರೆಕ್ಟರಿಗೆ ಇಷ್ಟ ಸಾಕು. ಡಾಕ್ಟರು ಎಲ್ಲಿ ಚಹಾ ಕುಡೀತಾರಂತ ಇಲಾಖೆ ಹೇಳಾಕ ಬರತೈತೇನ್ರಿ?" ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ನಾನೂ ನಕ್ಕೆ.

ಆಮೇಲೆ ಒಂದು ಫಾರಂ ಮುಂದಿಟ್ಟರು. ಕಲಿತವರ ಹೆಸರು, ಕಲಿಸಿದವರ ಹೆಸರು, ಕಲಿಸಿದ ತಾಸು, ಸಹಿ. "ನೀವ ತುಂಬ್ರಿ. ನಾನೇನು ಬಾಜು ಕುಂತು ತಾಸು ಎಣಿಸಿಲ್ಲ," ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ಅರವತ್ತು ಎಂದು ಬರೆ, ನಾನು ಕೇಳುವುದಿಲ್ಲ ಎಂದು ಅದರ ಅರ್ಥ. ಅಷ್ಟು ತಿಳಿಯದವಳಲ್ಲ ನಾನು.

ಲೆಕ್ಕ ಹಾಕಿದೆ. ಕಲಿಸಿದ್ದು ಹನ್ನೊಂದು ತಾಸು. ಹನ್ನೊಂದು ಎಂದು ಬರೆದು ಸಹಿ ಮಾಡಿದೆ.

ಯಾಕೆ ಹಾಗೆ ಬರೆದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸುಳ್ಳು ಬರೆಯಬಾರದು ಎಂದು ಬೆಳೆದವಳು ನಾನು. ನಮ್ಮಪ್ಪ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೈಯಲ್ಲಿ ಇಷ್ಟಲಿಂಗ ಹಿಡಿದು ಕೂರುತ್ತಿದ್ದ ಮನೆಯಲ್ಲಿ ಅದನ್ನು ಬೇರೆ ಹೇಳಿಕೊಡಬೇಕಾಗಿರಲಿಲ್ಲ. ಹಾಗಂತ ಸಮಾಧಾನ ಮಾಡಿಕೊಂಡೆ. ಆದರೆ ಆ ಐದು ವಾರದಲ್ಲಿ ಕಲಿಸದೆ ಇದ್ದಾಗ ಎಲ್ಲಿ ಹೋಗಿತ್ತು ಈ ಸತ್ಯವಂತಿಕೆ? ಟ್ರಂಕ್ ಬೋರ್ಡಿನ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದರೆ ಮಗಳು ನನ್ನ ಹತ್ತಿರ ಬರದೆ ಅಜ್ಜಿಯ ಸೆರಗು ಹಿಡಿಯುತ್ತಿದ್ದಳು; ಚಹಾ ಕುಡಿಯುತ್ತ ಇದನ್ನು ಅಕ್ಕಾರಿಗೂ ಹೇಳಿಕೊಂಡಿದ್ದೆ. ನನಗೆ ಆ ಹಗಲು ಪಾಳಿ ಬೇಕಾಗಿತ್ತು. ಸಹಿ ಮಾಡುವಾಗ ಅದು ನನ್ನ ಮನಸ್ಸಿನಲ್ಲಿ ಇತ್ತು.

ಆಟೊಮ್ಯಾಟಿಕ್ ಶುರುವಾದ ದಿನ ಬೆಳಗಾವಿಗೆ ದೂರುಗಳ ಸುರಿಮಳೆ. ಹಳೆಯ ಫೋನ್ ತೆಗೆದು ಮನೆಮನೆಗೆ ಹೊಸದು ಇಟ್ಟಿದ್ದರು, ತಿರುಗಿಸುವುದು ಹೇಗೆ ಎಂದು ಚೀಟಿ ಹಂಚಿದ್ದರು. ಚೀಟಿ ಓದಿದವರು ಯಾರು? ಜನ ಹಿಡಿಕೆ ಹುಡುಕಿದರು, ಅದು ಇರಲಿಲ್ಲ. ಎತ್ತಿ ಕಿವಿಗೆ ಹಚ್ಚಿಕೊಂಡು ಅಕ್ಕಾರ ಮಾತಾಡಲಿ ಎಂದು ಕಾದರು. ಗುಂಯ್ ಸದ್ದು ಬಂತು. ಲೈನಿನಲ್ಲಿ ಏನೋ ಹೊಕ್ಕಿದೆ ಎಂದು ಇಟ್ಟರು. ಹೆಂಚಿನ ಮಾಲೀಕರು ಆ ಸದ್ದಿಗೇ ಹತ್ತು ನಿಮಿಷ ಡಾಕ್ಟರನ್ನು ಕೊಡಿ ಎಂದು ಗಟ್ಟಿಯಾಗಿ ಹೇಳಿ, ಕೊನೆಗೆ ಖುದ್ದು ಬೆಳಗಾವಿಯ ಬಸ್ಸು ಹತ್ತಿ ಬಂದರು. "ಬಾಯಾರಿಗೆ ನನ್ನ ಮ್ಯಾಲೆ ಸಿಟ್ಟೇನ್ರಿ? ಎಷ್ಟ ಕರದ್ರೂ ಮಾತಾಡವಲ್ರು," ಎಂದು ನನ್ನನ್ನೇ ಕೇಳಿದರು. ಆಫೀಸಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಇನ್ನೊಂದು ಸಂಗತಿಯನ್ನು ಹೊಸ ಯಂತ್ರ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಹೇಳಿದ. ಯಂತ್ರ ಇಡೀ ದಿನ ಕಟಕಟ ಎನ್ನುತ್ತಿರುತ್ತದೆ, ಆದರೆ ಸಂಜೆ ಹೊತ್ತು ಮುಳುಗುವ ಮುಂಚೆ ಒಂದು ಹದಿನೈದು ನಿಮಿಷ ತಾನಾಗಿ ಸುಮ್ಮನಾಗುತ್ತದೆ. ಏನೋ ಕೆಟ್ಟಿರಬೇಕು ಎಂದು ಅವನು ಎರಡು ಸಲ ಬಿಚ್ಚಿ ನೋಡಿದ್ದನಂತೆ. ಕೆಟ್ಟಿರಲಿಲ್ಲ. ಊರಿಗೆ ಅಕ್ಕಾರ ಉಣ್ಣುವ ಹೊತ್ತು ಇನ್ನೂ ಮರೆತಿರಲಿಲ್ಲ ಅಷ್ಟೇ. ಮರೆಯಲು ಆರು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಅಕ್ಕಾರ ರಾಜೀನಾಮೆ ಕೊಟ್ಟಾಗಿತ್ತು. ರಾಯಚೂರಿನ ಆರ್ಡರ್ ಕೈಗೆ ಬಂದ ಮೇಲೆ ರಜೆ ಹಾಕಿದರು, ರಜೆ ಮುಗಿದ ಮೇಲೆ ಬೆಳಗಾವಿಗೆ ಬಂದು ಕಾಗದ ಕೊಟ್ಟರು. ಅವತ್ತು ಕ್ಯಾಂಟೀನಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದು ಎದುರು ಕುಳಿತರು.

"ಹನ್ನೊಂದು ಅಂತ ಬರದೀಯಂತಲ್ಲ?"

"ಹೌದ್ರಿ ಅಕ್ಕಾರ. ಸುಳ್ಳ ಬರಿಯಾಕ ಮನಸ್ಸಾಗಲಿಲ್ಲ."

"ಖರೇನ ಬರದೀದಿ. ಹನ್ನೊಂದ ಕಲಿಸಿದ್ದಿ," ಎಂದರು. "ಉಳದಿದ್ದು ಯಾಕ ಕಲಸಲಿಲ್ಲ ಅಂತ ಕೇಳೂ ಕಾಲಂ ಇರಲಿಲ್ಲೇನ ಅದರಾಗ?"

ಅವರು ಉತ್ತರಕ್ಕೆ ಕಾಯಲಿಲ್ಲ. "ನಿನ್ನ ಮಗಳು ಈಗರೆ ನಿನ್ನ ಹತ್ತರ ಮಲಗ್ತಾಳೇನು?" ಎಂದು ಕೇಳಿದರು. ಹೂಂ ಎಂದೆ. "ಚಲೋ ಆತು," ಎಂದು ಎದ್ದು ಹೋದರು. ಆ ಮಾತಿನಲ್ಲಿ ಚುಚ್ಚು ಇತ್ತೇ, ನಿಜವಾಗಿಯೇ ಹೇಳಿದರೇ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ನಿಜವಾಗಿಯೇ ಹೇಳಿದ್ದರೆ ಅದು ಇನ್ನೂ ಕಷ್ಟ.

ವಿಚಾರಣೆ ಹುದ್ದೆ ಅಷ್ಟರಲ್ಲಿ ನನಗೆ ಬಂದಾಗಿತ್ತು. ಹಗಲು ಪಾಳಿ, ಕಿಟಕಿ ಪಕ್ಕದ ಕುರ್ಚಿ. ಮೇಜಿನ ಮೇಲೆ ಅಚ್ಚಾದ ಪಟ್ಟಿ, ಕೆಳಗಿನ ಖಾನೆಯಲ್ಲಿ ಆ ನೋಟ್‌ಬುಕ್ಕು. ಮೊದಲ ಕೆಲವು ತಿಂಗಳು ಖಾನಾಪುರದವರು ನನ್ನ ಹತ್ತಿರವೂ ಮನುಷ್ಯರನ್ನೇ ಕೇಳುತ್ತಿದ್ದರು. ನಾನು ಕದ್ದು ಕೆಳಗಿನ ಖಾನೆ ಎಳೆದು, ಷರಾ ನೋಡಿ ಹೇಳುತ್ತಿದ್ದೆ. ಬಹಳ ಸಲ ಸರಿಹೋಗುತ್ತಿತ್ತು. ಕ್ರಮೇಣ ತಪ್ಪತೊಡಗಿತು. ಮರದ ವ್ಯಾಪಾರಿ ಗೂಡ್ಸ್ ಶೆಡ್ಡಿಗೆ ಹೋಗುವುದನ್ನು ಬಿಟ್ಟಿದ್ದ. ಹೆಡ್‌ಮಾಸ್ತರರ ಮಾವ ತೀರಿಕೊಂಡಿದ್ದ. ಊರು ಮುಂದೆ ಹೋಗಿತ್ತು, ನನ್ನ ನೋಟ್‌ಬುಕ್ಕು ಅಲ್ಲೇ ನಿಂತಿತ್ತು. ಅಕ್ಕಾರ ದಿನಾ ಕೇಳುತ್ತ, ಕೇಳಿದ್ದನ್ನು ಆಗಾಗಲೇ ತಿದ್ದಿಕೊಳ್ಳುತ್ತ ಬಂದಿದ್ದರು ಎಂಬುದು ನನಗೆ ಆಗ ಹೊಳೆಯಿತು. ಅದನ್ನು ಒಂದು ಸಲ ಬರೆದಿಟ್ಟರೆ ಮುಗಿಯಿತು ಎಂದು ತಿಳಿದದ್ದು ನಮ್ಮ ಪೆದ್ದತನ. ಆಮೇಲೆ ನಾನು ನಂಬರ್ ಮಾತ್ರ ಹೇಳತೊಡಗಿದೆ. ಜನರೂ ನಂಬರ್ ಮಾತ್ರ ಕೇಳತೊಡಗಿದರು.

ಎರಡು ವರ್ಷವಾದ ಮೇಲೆ ಒಂದು ಬುಧವಾರ ಮಧ್ಯಾಹ್ನ ಫೋನ್ ಬಂತು. "ವಿಚಾರಣೆ," ಎಂದೆ.

"ತಂಗಿ, ನಾನು."

ಅಕ್ಕಾರ ಧ್ವನಿ. ಹಿಂದೆ ಯಾರೋ ಕಷ್ಟಪಟ್ಟು ಉಸಿರೆಳೆಯುವ ಸದ್ದು ಕೇಳುತ್ತಿತ್ತು.

"ಬಾಜು ಮನಿಯಿಂದ ಮಾಡೀನಿ. ಅತ್ತಿನ್ನ ಇಲ್ಲೇ ತಂದು ಮಲಗಿಸೀವಿ, ಉಸರ ಹಿಡದೈತಿ. ಡಾಕ್ಟರ ಬೇಕಾಗಿದ್ರು."

ನಾನು ಗಡಿಬಿಡಿಯಲ್ಲಿ ಡಾಕ್ಟರ ಮನೆ ನಂಬರ್ ಹೇಳಿಬಿಟ್ಟೆ.

"ಮನಿ ನಂಬರ್ ಐತಿ. ಬಾರಿಸಿದ್ವಿ, ಯಾರೂ ಎತ್ತವಲ್ರು. ನಂದಗಡಕ ಹೋಗೂದು ಬಿಟ್ಟು ಭಾಳ ದಿವಸ ಆತಂತ." ಆಮೇಲೆ, ಯಾವಾಗಲೂ ಊರಿನವರು ಅವರನ್ನು ಕೇಳುತ್ತಿದ್ದ ಅದೇ ಧ್ವನಿಯಲ್ಲಿ ಕೇಳಿದರು: "ಈಗ ಬುಧವಾರ ಡಾಕ್ಟರು ಎಲ್ಲಿರ್ತಾರ? ನಿನಗ ಗೊತ್ತೈತೇನು?"

ನನ್ನ ಮುಂದೆ ಅಚ್ಚಾದ ಪಟ್ಟಿ ಇತ್ತು. ಕೆಳಗಿನ ಖಾನೆಯಲ್ಲಿ ಅವರೇ ಬರೆಸಿದ ನೋಟ್‌ಬುಕ್ಕು ಇತ್ತು.

"ಗೊತ್ತಿಲ್ರಿ ಅಕ್ಕಾರ."

"ಇರಲಿ ಬಿಡವಾ," ಎಂದರು. "ಲೈನ್ ಇಡು. ಹಿಂದ ಯಾರರೆ ಕಾಯ್ತಿರ್ತಾರ."

ನಾನು ಲೈನು ಇಡದೆ ಹಾಗೇ ಹಿಡಿದುಕೊಂಡು ಕುಳಿತಿದ್ದೆ, ಅವರೇ ಇಟ್ಟರು. ಆಮೇಲೆ ನಿಯಮ ಮರೆತು ಖಾನಾಪುರ, ಬೀಡಿ, ನಂದಗಡದ ನಂಬರುಗಳನ್ನು ಒಂದೊಂದಾಗಿ ತಿರುಗಿಸಿದೆ. ಮುಕ್ಕಾಲು ತಾಸಿನ ಮೇಲೆ ಡಾಕ್ಟರು ಸಿಕ್ಕರು. ಖಾನಾಪುರದಲ್ಲೇ ಇದ್ದರು, ಎಕ್ಸ್‌ಚೇಂಜಿನ ಹಿಂದಿನ ಓಣಿಯಲ್ಲಿ, ಹಿಂದಿನ ದಿನವಷ್ಟೇ ತೆರೆದಿದ್ದ ಹೊಸ ದವಾಖಾನೆಯಲ್ಲಿ. ಅಲ್ಲಿಗೆ ಇನ್ನೂ ಫೋನ್ ಬಂದಿರಲಿಲ್ಲ. ಪಕ್ಕದ ಅಂಗಡಿಯವರು ಹೋಗಿ ತಮ್ಮ ಫೋನಿಗೆ ಕರೆದು ತಂದರು. ಅಕ್ಕಾರ ಮನೆಯಿಂದ ನಾಲ್ಕು ಹೆಜ್ಜೆ. ನಾನು ತಿರುಗಿ ಫೋನ್ ಮಾಡಿದಾಗ ಬಾಜು ಮನೆಯವರು ಎತ್ತಿದರು. ಮುದುಕಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಬೆಳಗಾವಿಗೆ ಹೊರಟು ಅರ್ಧ ತಾಸಾಯಿತು ಎಂದರು.

ಆ ಅತ್ತೆ ಉಳಿದುಕೊಂಡರು, ಇನ್ನೂ ಕೆಲವು ವರ್ಷ ಬದುಕಿದರು. ಅದು ಬೆಳಗಾವಿಯ ಆಸ್ಪತ್ರೆಯವರ ಪುಣ್ಯ, ನನ್ನದಲ್ಲ. ಪಾಳಿ ಮುಗಿಸಿ ಸಾಯಂಕಾಲ ಅಲ್ಲಿಗೆ ಹೋದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಅಕ್ಕಾರ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಬರಿಗೈಯಲ್ಲಿ ಕುಳಿತಿದ್ದರು, ಗಡಿಬಿಡಿಯಲ್ಲಿ ಡಬ್ಬಿ ತಂದಿರಲಿಲ್ಲ. ನಾನು ಓಡಿ ಹೋಗಿ ಹೊರಗಿನ ಖಾನಾವಳಿಯಿಂದ ಎರಡು ರೊಟ್ಟಿ, ಪಲ್ಯ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಕತ್ತಲಾಗಿತ್ತು.

"ಹೊತ್ತ ಮುಣಗಿತಲ್ಲವಾ," ಎಂದರು ಅಕ್ಕಾರ, ಮೆಲ್ಲಗೆ. "ನೀ ಉಣ್ಣು."

ನಾನು ಅವರ ಪಕ್ಕದಲ್ಲಿ ಕುಳಿತೆ. ಇಬ್ಬರೂ ಉಣ್ಣಲಿಲ್ಲ.